ಎಡದಿಂದ ಮೂರನೆಯ ಗುಂಡಿ

ಕೂಡ್ಲಿಗಿಯ ನೋಂದಣಿ ಕಚೇರಿಯ ಹತ್ತಿರದ ಒಂದು ಟೈಪಿಂಗ್ ಅಂಗಡಿಯಲ್ಲಿ ನಾನು ಏಳು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಅಂಗಡಿ ಚಾಚಾ ಅವರದು. ಟೈಪ್ ಮಷಿನ್ ಕಾಲದಿಂದ ಕ್ರಯಪತ್ರ, ವಿಭಾಗ ಪತ್ರ ಬರೆಯುತ್ತ ಬಂದ ಹಿರಿಯರು, ನನಗೆ ಕೆಲಸ ಕಲಿಸಿದವರೂ ಅವರೇ. ಇರುವುದು ಒಂದೇ ಕಂಪ್ಯೂಟರ್. ಬೆಳಗಿನ ಹೊತ್ತು ಅವರು ಕೂರುತ್ತಾರೆ, ಮಧ್ಯಾಹ್ನದ ಮೇಲೆ ನಾನು.

ಚಾಚಾಗೆ ಒಂದು ಕಣ್ಣಿನ ಆಪರೇಷನ್ ಆಗಿತ್ತು, ಇನ್ನೊಂದರಲ್ಲಿ ಪೊರೆ ಬಲಿಯುತ್ತಿತ್ತು. ಅಕ್ಷರ ದೊಡ್ಡದು ಮಾಡಿಕೊಂಡರೆ ಓದಬಲ್ಲರು. ಆದರೆ ಪರದೆಯ ಮೇಲ್ಭಾಗದಲ್ಲಿ ಸಾಲಾಗಿ ಕೂತಿರುತ್ತವಲ್ಲ, ಆ ಸಣ್ಣ ಚಿತ್ರದ ಗುಂಡಿಗಳು ಅವರಿಗೆ ಕಾಣುತ್ತಿರಲಿಲ್ಲ. ಕಾಣುವ ಅಗತ್ಯವೂ ಇರಲಿಲ್ಲ. ಮೌಸನ್ನು ಎಡಮೂಲೆಗೆ ತಳ್ಳಿ, ಅಲ್ಲಿಂದ ಕೈ ಅಂದಾಜಿನಲ್ಲೇ ಸರಿಸುತ್ತಿದ್ದರು. ಮೂರನೆಯ ಗುಂಡಿ ಬರೆದದ್ದನ್ನು ಸೇವ್ ಮಾಡಿ ಉಳಿಸಲಿಕ್ಕೆ, ನಾಲ್ಕನೆಯದು ಪ್ರಿಂಟಿಗೆ. ಅದೂ ಪತ್ರ ಪೂರ್ತಿ ಮುಗಿದ ಮೇಲೆ ಒಂದೇ ಸಲ ಉಳಿಸುವ ಪೈಕಿ ಅವರು. ನಡುನಡುವೆ ಉಳಿಸಿ ಎಂದು ನಾನು ಬಾಯಿ ನೋಯಿಸಿಕೊಂಡರೆ, "ಅರ್ಧ ಬರೆದ ಪತ್ರಕ್ಕ ಯಾರರ ರುಜು ಹಾಕ್ತಾರೇನು?" ಎಂದು ನಗುತ್ತಿದ್ದರು.

ಮೆಕ್ಯಾನಿಕ್ ಆಗಿರುವ ಅವರ ಮಗ, ಸಾಕು ಮನೆಯಲ್ಲಿರಿ ಎಂದು ಒಂದು ವರ್ಷದಿಂದ ಬೆನ್ನು ಹತ್ತಿದ್ದ. ಚಾಚಾದು ಒಂದೇ ಉತ್ತರ: "ನನ್ನ ಕೈಯಾಗ ಒಂದು ಪತ್ರ ಕೆಟ್ಟ ದಿನ ಕುರ್ಚಿ ಬಿಟ್ಟು ನಾನಾಗೇ ಏಳ್ತೀನಿ. ಅಲ್ಲೀತನಕ ಯಾರೂ ಏಳು ಅನ್ನಬ್ಯಾಡ್ರಿ."

ನನ್ನದು ಬೇರೆ ಸ್ವಭಾವ. ಅಡ್ಡಾದಿಡ್ಡಿ ಕಂಡರೆ ಮೈ ಉರಿಯುತ್ತದೆ. ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಯ ಜಾಗಕ್ಕೆ ಜೀರಿಗೆ ಬಂದರೆ ಮನೆಯವರಿಗೆಲ್ಲ ಗ್ರಹಚಾರ. ಒಂದು ಮಧ್ಯಾಹ್ನ ಚಾಚಾ ನೆಂಟರನ್ನು ನೋಡಲು ಕೊಟ್ಟೂರಿಗೆ ಹೋಗಿದ್ದರು, ಗಿರಾಕಿಗಳೂ ಇರಲಿಲ್ಲ. ಆ ಗುಂಡಿಗಳ ಸಾಲನ್ನು ಹಸನು ಮಾಡಲು ಕೂತೆ. ಉಳಿಸುವ ಗುಂಡಿ ನನಗೆ ಬೇಕಿರಲಿಲ್ಲ, ನಾನು ಕೀಲಿಮಣೆಯಲ್ಲೇ ಉಳಿಸುತ್ತೇನೆ. ಅದನ್ನು ತೆಗೆದು ಆ ಜಾಗಕ್ಕೆ ಕಡತ ಮುಚ್ಚುವ ಗುಂಡಿ ತಂದಿಟ್ಟೆ. ಸಾಲು ಚೊಕ್ಕಟವಾಗಿ ಕಂಡಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಮನೆಗೆ ಹೋದೆ. ಚಾಚಾ ನೆನಪಾಗಲೇ ಇಲ್ಲ.

ಮರುದಿನ ಹೊಸಹಳ್ಳಿ ಕಡೆಯ ಅಣ್ಣತಮ್ಮಂದಿರಿಬ್ಬರು ವಿಭಾಗ ಪತ್ರ ಬರೆಸಲು ಬಂದರು. ನಾಲ್ಕು ಗಂಟೆಗೆ ನೋಂದಣಿ. ಚಾಚಾ ಹತ್ತಕ್ಕೆ ಕೂತವರು ಒಂದು ಗಂಟೆಗೆ ಏಳು ಪುಟ ಮುಗಿಸಿದರು. ನಾನು ಪಕ್ಕದಲ್ಲಿ ಜೆರಾಕ್ಸ್ ತೆಗೆಯುತ್ತಿದ್ದೆ. ಅವರ ಕೈ ಎಡಮೂಲೆಗೆ ಹೋಗಿ ಬಲಕ್ಕೆ ಸರಿಯಿತು. ಹಿಂದಿನ ದಿನ ಸರಿಸಿದ ಗುಂಡಿ ಆಗ ನೆನಪಾಯಿತು. ಕೂಗಬೇಕೆನ್ನುವಷ್ಟರಲ್ಲಿ ಕ್ಲಿಕ್ ಸದ್ದಾಯಿತು. ಪರದೆಯಲ್ಲಿ ಒಂದು ಪ್ರಶ್ನೆ ಮೂಡಿತು. ನಮ್ಮ ಹಳೇ ಪ್ರಿಂಟರ್ ದಿನಕ್ಕೆ ಹತ್ತು ಸಲ ಹೀಗೇ ಏನೋ ಕೇಳುತ್ತದೆ, ನಡುವಿನ ಗುಂಡಿ ಒತ್ತಿದರೆ ಸುಮ್ಮನಾಗುತ್ತದೆ. ಚಾಚಾ ಅದೇ ರೂಢಿಯಲ್ಲಿ ನಡುವಿನದನ್ನು ಒತ್ತಿದರು. ಉಳಿಸುವುದು ಬೇಡ ಎಂಬ ಉತ್ತರ ಅದು. ಏಳು ಪುಟ ಹೋದವು.

"ಬೇಟಿ, ನಾ ಮೂರನೇದಾ ಒತ್ತಿದ್ನಲ್ಲ?"

ಅವರು ನನ್ನ ಕಡೆ ತಿರುಗಿ ಕೇಳಿದರು. ಅಣ್ಣತಮ್ಮಂದಿರೂ ನನ್ನನ್ನೇ ನೋಡುತ್ತಿದ್ದರು.

"ಗೊತ್ತಿಲ್ಲ ಚಾಚಾ. ನಾ ನೋಡ್ಲಿಲ್ಲ," ಅಂದೆ.

ತಮ್ಮನಾದವನು ಎದ್ದು ನಿಂತ. "ಕಣ್ಣು ಕಾಣದವ್ರ ಕೈಯಾಗ ಕೊಟ್ರ ಹಿಂಗ ಆಗೋದು. ಇವತ್ತು ತಪ್ಪಿದ್ರ ನಮ್ಮಣ್ಣ ಮತ್ತ ಒಪ್ಪಂಗಿಲ್ಲ!"

"ಕುಂದರ್ರಿ," ಎಂದರು ಚಾಚಾ. ಕುರ್ಚಿಯಿಂದೆದ್ದು ನನ್ನನ್ನು ಕೂರಿಸಿದರು. ಗೋಡೆಗೆ ಒರಗಿ ಕಣ್ಣು ಮುಚ್ಚಿ ಮೊದಲ ಸಾಲಿನಿಂದ ಹೇಳತೊಡಗಿದರು. ಸರ್ವೆ ನಂಬರು, ಎಕರೆ, ಗುಂಟೆ, ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಹಳ್ಳ, ಎಲ್ಲವೂ ಬಾಯಲ್ಲೇ. ಅಣ್ಣ ಹಳೆಯ ಪಹಣಿ ಹಿಡಿದು ತಾಳೆ ನೋಡುತ್ತ ಹೋದ. ಎಲ್ಲೂ ಒಂದಂಕಿ ತಪ್ಪಲಿಲ್ಲ. ಪ್ರತಿ ಪುಟಕ್ಕೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ತಮ್ಮ ಕೆಮ್ಮಿದರೂ ನನ್ನನ್ನೇ ಹಿಡಿದನೇನೋ ಎಂದು ಬೆಚ್ಚುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಜಾತಿ ನನ್ನದು. ಪ್ರಿಂಟ್ ಹೊರಬಂದಾಗ ಮೂರೂಮುಕ್ಕಾಲು. ಅಣ್ಣತಮ್ಮಂದಿರು ಕಾಗದ ಹಿಡಿದು ಕಚೇರಿಗೆ ಓಡಿದರು.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಚಾಚಾ ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು. ಅಂಗಡಿಯ ಕೀಲಿಗೊಂಚಲನ್ನು ನನ್ನ ಮುಂದೆ ಸರಿಸಿದರು.

"ನಾಳೆಯಿಂದ ನೀನಾ ತಗೀ ಬೇಟಿ. ನನ್ನ ಕೈ ಸೋತಾವು. ಮಗನಿಗೆ ಹೇಳ್ತೀನಿ."

ಇನ್ನು ತಡೆಯಲಾಗಲಿಲ್ಲ. ಅತ್ತುಬಿಟ್ಟೆ. "ನಿಮ್ಮ ಕೈ ಸೋತಿಲ್ಲ ಚಾಚಾ. ನಿನ್ನೆ ನೀವು ಊರಿಗೆ ಹೋದಾಗ ಗುಂಡಿ ಸರಿಸಿದಾಕಿ ನಾನು. ಮೂರನೇ ಜಾಗದಾಗ ಮುಚ್ಚೋ ಗುಂಡಿ ಇಟ್ಟಿದ್ದೆ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಅವರು ತಮ್ಮ ಅಂಗೈಯನ್ನು ತಿರುವಿ ನೋಡಿಕೊಂಡರು.

"ಗುಂಡಿ ಸರಿಸಿದ್ದು ಇರ್ಲಿ. ಅಂಗಡಿ ನಿಂದೂ ಐತಿ. ಆದ್ರ ನಾ ಕೇಳಿದ್ನಲ್ಲ ಬೇಟಿ? ಮೂರು ತಾಸು ನಾ ಕುರುಡ ಆದೆ ಅಂತ ತಿಳಕೊಂಡು ನಿಂತಿದ್ದೆ. ನೀ ಮಗ್ಗಲದಾಗ ಕುಂತಿದ್ದಿ."

ಕೀಲಿಗೊಂಚಲು ಎತ್ತಿ ಅವರ ಜೇಬಿಗೆ ಹಾಕಿದೆ. ಬೇಡವೆನ್ನಲಿಲ್ಲ.

ಮರುದಿನ ಅವರು ಬರುವ ಮೊದಲೇ ಹೋಗಿ ಎಲ್ಲ ಗುಂಡಿಗಳನ್ನೂ ಮೊದಲಿನ ಜಾಗಕ್ಕೆ ತಂದೆ. ಎರಡೆರಡು ಸಲ ಒತ್ತಿ ನೋಡಿದೆ. ಚಾಚಾ ಎಂದಿನಂತೆ ಬಂದು ಕೂತು ಒಂದು ಕ್ರಯಪತ್ರ ಮುಗಿಸಿದರು. ಕೈ ಎಡಮೂಲೆಗೆ ಹೋಯಿತು, ಬಲಕ್ಕೆ ಸರಿಯಿತು, ನಿಂತಿತು.

"ಬೇಟಿ, ಮೂರನೇದು ಉಳಿಸೋದಾ ಐತೇನು?"

"ಹೌದು ಚಾಚಾ, ಅದಾ ಐತಿ," ಎಂದೆ ಜೆರಾಕ್ಸ್ ಯಂತ್ರದ ಹತ್ತಿರದಿಂದಲೇ.

ಅವರು ಒತ್ತಲಿಲ್ಲ.

"ಅಲ್ಲಿಂದ ಬ್ಯಾಡ. ಎದ್ದು ಬಂದು, ನೋಡಿ ಹೇಳು."

ಎದ್ದು ಹೋಗಿ, ನೋಡಿ ಹೇಳಿದೆ. ಇವತ್ತಿಗೂ ಪ್ರತಿ ಪತ್ರಕ್ಕೂ ಎದ್ದು ಹೋಗುತ್ತೇನೆ.