ಮೂವತ್ತೆಂಟು ಸಹಿಯ ಸುಡುನೀರು

ಗೆಥಿನ್ ಪ್ರಾಬರ್ಟ್‌ಗೆ ಇಪ್ಪತ್ತಾರು ವರ್ಷ. ವೇಲ್ಸ್‌ನ ರೊಂದಾ ಕಣಿವೆಯ ಬಾಯ್ಲರ್‌ಗಳ ಹೊಟ್ಟೆಯೊಳಗನ್ನೆಲ್ಲ ತಾನು ಬಲ್ಲೆನೆಂಬ ನಂಬಿಕೆ ರಿಪೇರಿ ಕೆಲಸಕ್ಕೆ ಸೇರಿದ ಮೊದಲ ಹನ್ನೊಂದು ತಿಂಗಳು ಅವನಿಗಿತ್ತು. ಹನ್ನೆರಡನೆಯ ತಿಂಗಳಲ್ಲಿ ಎಲಿನೆಡ್ ಬೇನನ್ ಅವರ ಅಡುಗೆಮನೆ ಎದುರಾಯಿತು.

ಅಲ್ಲಿದ್ದದ್ದು ಗೋಡೆಗೆ ನೇತುಹಾಕಿದ ಗ್ಯಾಸ್ ಬಾಯ್ಲರ್. ನಲ್ಲಿ ತಿರುಗಿಸಿದರೆ ತಾನೇ ಹೊತ್ತಿಕೊಂಡು, ಹರಿಯುವ ನೀರನ್ನು ಹರಿಯುತ್ತಿರುವಾಗಲೇ ಕಾಯಿಸಿ ಕೊಡುವ ಜಾತಿ. ಸೆಪ್ಟೆಂಬರಿನಲ್ಲಿ ಗೆಥಿನ್ ಅದರ ವರ್ಷದ ಸರ್ವಿಸ್ ಮುಗಿಸಿ, ಸೀಟಿ ಹಾಕುತ್ತ ಹೊರಟುಹೋದ. ವಾರಕ್ಕೆಲ್ಲ ಫೋನ್ ಬಂತು: ನೀರು ಕೈ ಸುಡುತ್ತಿದೆ. ಹೋಗಿ ಶಾಖ ಅಳೆಯುವ ಸೆನ್ಸರ್ ಬದಲಿಸಿದ. ಮತ್ತೆ ಫೋನ್. ಈ ಸಲ ನೀರು ಕಾಯುವ ತಗಡಿನ ಪೆಟ್ಟಿಗೆಯನ್ನೇ ಬದಲಿಸಿ, ‘ಒಳಗೆ ಸುಣ್ಣ ಕಟ್ಟಿದೆ’ ಎಂದು ವರದಿ ಬರೆದ. ಸುಣ್ಣವನ್ನು ಅವನೇನೂ ಕಂಡಿರಲಿಲ್ಲ. ಆದರೆ ಇಷ್ಟು ದೊಡ್ಡ ಭಾಗ ಬದಲಿಸಿದ ಮೇಲೆ ಏನಾದರೂ ಕಟ್ಟಿರಲೇಬೇಕಲ್ಲ.

ವರದಿ ಓದಿದ ಯಜಮಾನ ಮಾಲ್ಡ್ವಿನ್ ಕನ್ನಡಕ ತೆಗೆದಿಟ್ಟ.

"ಸುಣ್ಣಾನಾ? ನಮ್ಮ ಕಣಿವೆ ನೀರಿಗೆ ಸುಣ್ಣ ಅಂದ್ರೆ ಏನಂತ್ಲೇ ಗೊತ್ತಿಲ್ವಲ್ಲೋ ಮಾರಾಯ! ನಮ್ಮಜ್ಜಿ ಕೆಟಲ್ ಈಗ್ಲೂ ಒಳಗೆ ಕನ್ನಡಿ ಇದ್ದಂಗಿದೆ. ಜೇಬಲ್ಲಿಟ್ಕೊಂಡು ಹೋಗಿದ್ಯಾ ಸುಣ್ಣಾನ?"

ಗೆಥಿನ್ ನಗಬೇಕೋ ಬೇಡವೋ ಎಂದು ಲೆಕ್ಕ ಹಾಕುತ್ತಿರುವಾಗಲೇ ಮೂರನೆಯ ಫೋನ್ ಬಂತು. ಮಾಲ್ಡ್ವಿನ್ ಮಾತಾಡಿ ಮುಗಿಸಿ ಹೇಳಿದ, "ಕೊನೇ ಸಲ ಹೋಗ್ಬಾ. ಇವತ್ತೂ ಸರಿಹೋಗ್ಲಿಲ್ವೋ, ವ್ಯಾನ್ ಕೀಲಿ ತಂದು ಈ ಮೇಜಿನ ಮೇಲಿಟ್ಟು ಗೋಡೌನಿಗೆ ನಡಿ. ಪೈಪ್ ಜೋಡಿಸ್ಕೊಂಡಿರು."

ಗೋಡೌನಿಗೆ ಕಿಟಕಿಯೇ ಇರಲಿಲ್ಲ. ವ್ಯಾನಿನ ಪಕ್ಕೆಯ ಮೇಲಾದರೋ ಕಂಪನಿಯ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ‘ಜಿ. ಪ್ರಾಬರ್ಟ್’ ಎಂದಿತ್ತು. ಅದನ್ನು ಅವನಮ್ಮ ಮೂರು ಬೀದಿಗಳ ಜನರನ್ನು ಕರೆತಂದು ತೋರಿಸಿದ್ದಳು.

ಎಲಿನೆಡ್ ಬೇನನ್ ಶಾಲೆಯ ಅಡುಗೆಮನೆಯಲ್ಲಿ ಮೂವತ್ತು ವರ್ಷ ಸೌಟು ಹಿಡಿದು ನಿವೃತ್ತರಾದವರು. ಆ ಬೀದಿಯ ಎಲ್ಲ ಕಮಿಟಿಗಳಿಗೂ ಅವರೇ ಕಾರ್ಯದರ್ಶಿ. ಕಮಿಟಿಯೇ ಇಲ್ಲದ ವಿಷಯಗಳಿಗೂ.

"ಬಂದ್ಯಾ ಮರಿ? ಟೂತ್‌ಬ್ರಷ್ ತಂದಿದೀಯಾ? ಹೇಗೂ ಇಲ್ಲೇ ವಾಸ ಆಯ್ತಲ್ಲ!"

"ಇವತ್ತು ಸರಿಮಾಡೇ ಹೋಗ್ತೀನಿ, ಮಿಸೆಸ್ ಬೇನನ್."

"ಹೋದ್ಸಲಾನೂ ಹಿಂಗೇ ಅಂದಿದ್ದೆ, ಪಾಪ. ನಿಂದೇನೂ ತಪ್ಪಿಲ್ಲ ಬಿಡು. ಎಲ್ಲಾ ಆ ರಸ್ತೆ ಅಗೆಯೋರ ಕೆಲ್ಸ. ಅವ್ರು ಬಂದ ವಾರಾನೇ ನೀರು ಸಣ್ಣಗಾಯ್ತು, ಆಮೇಲೆ ಸುಡೋಕೆ ಶುರು."

"ನೀರು ಸಣ್ಣಗಾಯ್ತಾ? ನೀವು ಹೇಳ್ಲೇ ಇಲ್ವಲ್ಲ?"

"ನೀನು ಕೇಳ್ಲೇ ಇಲ್ವಲ್ಲ!"

ಒಂದು ನಿಮಿಷಕ್ಕೆ ಎಷ್ಟು ನೀರು ಬರುತ್ತದೆಂದು ಜಗ್ ಹಿಡಿದು ನೋಡುವುದು ಈ ಕಸುಬಿನ ಮೊದಲ ಪಾಠ. ಗೆಥಿನ್‌ನ ಪೆಟ್ಟಿಗೆಯಲ್ಲಿ ಮೂರು ಬಗೆಯ ಮೀಟರುಗಳಿದ್ದವು, ಜಗ್ ಇರಲಿಲ್ಲ. ಎಲಿನೆಡ್ ಅವರ ಕಸ್ಟರ್ಡ್ ಜಗ್ಗನ್ನೇ ಕೇಳಿ ಪಡೆದು ಬಿಸಿನೀರಿನ ನಲ್ಲಿಗೆ ಹಿಡಿದ. ಹತ್ತು ಲೀಟರ್ ಬರಬೇಕಾದಲ್ಲಿ ಎರಡು ಲೀಟರ್ ಬಂತು. ಮಂಡಿಯೂರಿ ಬಾಯ್ಲರಿನ ಅಡಿಗೆ ಟಾರ್ಚ್ ಬಿಟ್ಟ. ತಣ್ಣೀರಿನ ಪೈಪಿನ ವಾಲ್ವ್ ನೆಟ್ಟಗೆ ತೆರೆದಿರದೆ ಓರೆಯಾಗಿ ನಿಂತಿತ್ತು.

ಸೆಪ್ಟೆಂಬರಿನಲ್ಲಿ ಕಸ ತಡೆಯುವ ಜಾಲರಿ ತೊಳೆಯಲು ಅದನ್ನು ಮುಚ್ಚಿದವನು ತಾನು. ತೆರೆಯಲು ಶುರುಮಾಡಿದವನೂ ತಾನೇ. ಅಷ್ಟರಲ್ಲಿ ಚಹಾ ಬಂದಿತ್ತು, ಜತೆಗೆ ಕಾವಲಿಯಿಂದ ಆಗತಾನೇ ಇಳಿದ ವೆಲ್ಷ್ ಕೇಕ್. ಎದ್ದುಹೋದವನು ಆರು ತಿಂದು ಬಂದ. ವಾಲ್ವ್ ಮಾತ್ರ ಅರ್ಧಕ್ಕೇ ಉಳಿಯಿತು. ಪೆಟ್ಟಿಗೆ ಬದಲಿಸುವಾಗ ಮನೆಯ ದೊಡ್ಡ ವಾಲ್ವನ್ನೇ ಮುಚ್ಚಿದ್ದರಿಂದ ಇದರತ್ತ ಕಣ್ಣೇ ಹೋಗಿರಲಿಲ್ಲ. ಎಷ್ಟೇ ತಗ್ಗಿಸಿದರೂ ಬಾಯ್ಲರಿನ ಉರಿ ಒಂದು ಮಿತಿಗಿಂತ ಕೆಳಗಿಳಿಯದು. ಆ ಎಳೆಯಷ್ಟು ನೀರಿಗೆ ಅದು ಒಂದು ಲೋಟ ಕಾಫಿಗೆ ಮದುವೆಮನೆಯ ಒಲೆ ಹಚ್ಚಿದಂತೆ. ಎಲಿನೆಡ್ ಸುಡುವ ಭಯಕ್ಕೆ ನಲ್ಲಿಯನ್ನು ಇನ್ನೂ ಸಣ್ಣಗೆ ಬಿಡುವುದು, ಅದು ಇನ್ನೂ ಸುಡುವುದು.

ಸ್ಕ್ರೂಡ್ರೈವರಿನ ಒಂದೇ ತಿರುವು. ನಲ್ಲಿ ಭೋರೆಂದಿತು, ನೀರು ಹಿತವಾಗಿ ಬೆಚ್ಚಗಾಯಿತು.

"ಅಯ್ಯೋ ನನ್ನಪ್ಪಾ! ಏನ್ ಮಾಡ್ದೆ? ರಸ್ತೆಯೋರೇ ತಾನೇ?"

ಹೂಂ ಎಂದರೆ ಸಾಕಿತ್ತು. ಗೆಥಿನ್‌ನ ತಲೆ ಆಗಲೇ ಆಡಲು ಶುರುಮಾಡಿತ್ತು, ಹೌದೆನ್ನುವ ಕಡೆಗೇ. ಆದರೆ ಈ ಕಣಿವೆಗೆ ಇಲ್ಲದ ಸುಣ್ಣ ತಂದಾಗಿತ್ತು. ಇನ್ನೊಂದನ್ನು ತರುವಷ್ಟು ಧೈರ್ಯ ಉಳಿದಿರಲಿಲ್ಲ.

"ರಸ್ತೆಯೋರಲ್ಲ. ನಾನೇ. ಈ ವಾಲ್ವ್ ಅರ್ಧ ತೆರೆದು ಮರೆತುಹೋಗಿದ್ದೆ."

ಬೈಗುಳಕ್ಕೆ ಬೆನ್ನು ಗಟ್ಟಿಮಾಡಿಕೊಂಡ. ಎಲಿನೆಡ್ ಬಯ್ಯಲಿಲ್ಲ, ಕುರ್ಚಿ ಎಳೆದು ಕುಸಿದರು.

"ಕೆಡಿಸ್ದೆ ಕಣೋ. ರಸ್ತೆಯೋರ ಮೇಲೆ ಅರ್ಜಿ ಕೊಟ್ಟಿದೀನಿ. ಇಡೀ ಬೀದಿ, ಮೂವತ್ತೆಂಟು ಮನೆ, ಮೂವತ್ತೆಂಟು ಸಹಿ. ಇವತ್ತು ಎರಡು ಗಂಟೆಗೆ ಕೌನ್ಸಿಲರ್ ಬರ್ತಿದಾನೆ!"

"ಎಲ್ಲರ ಮನೇಲೂ ಸುಡ್ತಿದ್ಯಾ?"

"ಯಾರ ಮನೇಲೂ ಇಲ್ಲ. ನಾನು ಕೇಳ್ದೆ, ಹಾಕಿದ್ರು. ನಮ್ಮ ಬೀದೀಲಿ ಸಹಿ ಕೇಳಿದ್ರೆ ಯಾತಕ್ಕೆ ಅಂತ ಯಾರಾದ್ರೂ ಕೇಳ್ತಾರಾ? ಪಕ್ಕದ್ಮನೆ ಮಾರ್ಗೆಡ್ ಅಂತೂ ‘ಎರಡು ಸಲ ಬೊಬ್ಬೆ ಬಂತು’ ಅಂತ ತಾನೇ ಸೇರಿಸಿದ್ಲು." ದನಿ ತಗ್ಗಿಸಿದರು. "ಮರಿ, ಎರಡು ಗಂಟೆವರೆಗೆ ಅದನ್ನ ವಾಪಸ್ ಸೊಟ್ಟ ಮಾಡಿಡೋಕಾಗಲ್ವಾ?"

"ಕೈ ಸುಟ್ಟುಕೊಂಡ್ರೆ?"

"ನಾನ್ಯಾಕೆ ಮುಟ್ಲಿ? ಅವನ ಕೈಲಿ ಮುಟ್ಟಿಸ್ತೀನಿ."

"ಆಗಲ್ಲ, ಮಿಸೆಸ್ ಬೇನನ್."

"ಹೋಗ್ಲಿ, ಕಾಗದದಲ್ಲಾದ್ರೂ ರಸ್ತೆ ಅಂತ ಬರಿ. ನಿನ್ನ ವ್ಯಾನೂ ಉಳಿಯುತ್ತೆ, ನನ್ನ ಮಾನಾನೂ ಉಳಿಯುತ್ತೆ. ಮಾಲ್ಡ್ವಿನ್ ಫೋನಲ್ಲಿ ಎಲ್ಲಾ ಹೇಳಿದಾನೆ ನಂಗೆ."

ಗೆಥಿನ್ ವರದಿಯ ಕಾಗದ ತೆಗೆದು ‘ದೋಷಕ್ಕೆ ಕಾರಣ’ ಎಂಬ ಖಾಲಿ ಜಾಗಕ್ಕೆ ಬಂದ. ಅಲ್ಲಿ ಬರೆದ: ‘ಸರ್ವಿಸ್ ವೇಳೆ ವಾಲ್ವ್ ಪೂರ್ತಿ ತೆರೆದಿಲ್ಲ. ತೆರೆಯದವನು ನಾನು.’ ಕೆಳಗೆ ಗಿರಾಕಿಯ ಸಹಿ ಹಾಕುವ ಮೊದಲು ಎಲಿನೆಡ್ ಅಷ್ಟನ್ನೂ ಎರಡು ಸಲ ಓದಿದರು.

ಮರುದಿನ ಬೆಳಿಗ್ಗೆ, ಯಾರೂ ಕೇಳುವ ಮೊದಲೇ ಗೆಥಿನ್ ಕೀಲಿಯನ್ನು ಮೇಜಿನ ಮೇಲಿಟ್ಟ. ಮಾಲ್ಡ್ವಿನ್ ಕಾಗದವನ್ನು ಹತ್ತಿರ ಹಿಡಿದು ಓದಿದ, ದೂರ ಹಿಡಿದು ಓದಿದ.

"ಇಪ್ಪತ್ತೆರಡು ವರ್ಷದಲ್ಲಿ ಈ ಜಾಗದಲ್ಲಿ ತನ್ನನ್ನೇ ಬರ್ಕೊಂಡೋನು ನೀನೊಬ್ನೇ. ತೊಗೋ ಕೀಲಿ."

"ಗೋಡೌನು?"

"ಗೋಡೌನ್ ಎಲ್ಲೂ ಓಡಿಹೋಗಲ್ಲ. ನಿನ್ನೆ ಕೌನ್ಸಿಲರ್ ಬಂದು ನಲ್ಲಿ ಕೆಳಗೆ ಕೈ ಇಟ್ಟನಂತೆ. ‘ಇಲ್ಲೇನೋ ಸರಿಹೋಗಿದೆ, ಉಳಿದ ಮೂವತ್ತೇಳು ಮನೆ ಗತಿ ಏನು?’ ಅಂದು, ಎಲಿನೆಡ್ ಬಾಯಿ ತೆರೆಯೋದ್ರೊಳಗೆ ಬೀದಿ ಮನೆಗಳನ್ನೆಲ್ಲ ಬಾಡಿಗೆಗೆ ಕೊಟ್ಟಿರೋ ಸಂಘಕ್ಕೆ ಫೋನ್ ಮಾಡ್ದ. ಅವರು ನಂಗೆ ಮಾಡಿದ್ರು."

"ಅಲ್ಲೇನೂ ಕೆಟ್ಟಿಲ್ಲ ಅಂತ ಹೇಳ್ಬೇಕಿತ್ತು!"

"ಹೇಳ್ದೆ ಕಣೋ. ಸಹಿ ಹಾಕಿದಾರೆ, ಒಂದೊಂದನ್ನೂ ಪರೀಕ್ಷೆ ಮಾಡಿ ಬರ್ದುಕೊಡಿ ಅಂದ್ರು. ಹೋಗು. ಮೂವತ್ತೇಳರಲ್ಲಿ ಒಂದೇ ಒಂದು ವಾಲ್ವ್ ಸೊಟ್ಟ ಬಿಟ್ಟು ಬಂದ್ಯೋ, ಆವಾಗ ಪೈಪ್ ಜೋಡಿಸುವಿಯಂತೆ."

ಗೆಥಿನ್ ದಾರಿಯಲ್ಲಿ ಒಂದು ಜಗ್ ಕೊಂಡು ಮೊದಲು ಮಾರ್ಗೆಡ್ ಮನೆಯ ಬಾಗಿಲು ತಟ್ಟಿದ. ಆಕೆ ಎಪ್ರನ್ನಿಗೆ ಕೈಯೊರೆಸಿಕೊಳ್ಳುತ್ತ ಬಂದರು. ಬೊಬ್ಬೆಯ ಗುರುತು ಯಾವ ಕೈಯಲ್ಲೂ ಇರಲಿಲ್ಲ.

"ನಿಮ್ಮ ನೀರು ಸುಡ್ತಿದ್ಯಾ, ಅಮ್ಮಾ?"

ಮಾರ್ಗೆಡ್ ಬೀದಿಯ ಆ ಕಡೆ ಈ ಕಡೆ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಏನಂತ ಹೇಳು ಅಂದಿದಾಳೆ ಎಲಿನೆಡ್?"