ತೋಟಕ್ಕೆ ಹೋಗದ ಅಂಗಿ

ನಮ್ಮ ಕಡೆ ಗಂಡಸರ ಅಂಗಿಗೆ ಎರಡು ಜನ್ಮ. ಮೊದಲ ಜನ್ಮದಲ್ಲಿ ಮದುವೆ, ಗೃಹಪ್ರವೇಶ, ಮೂಡಿಗೆರೆ ಪೇಟೆ ಅಂತ ಗಂಡಸಿನ ಮೈಮೇಲೆ ಮೆರೆಯುತ್ತದೆ. ಕಾಲರು ಸವೆದ ಮೇಲೆ ಹೆಂಗಸರ ಪಾಲಾಗಿ ಕಾಫಿ ತೋಟ ಸೇರುತ್ತದೆ. ಹಣ್ಣು ಕೊಯ್ಯುವಾಗ ಸೀರೆಯ ಮೇಲೊಂದು ತುಂಬುತೋಳಿನ ಅಂಗಿ ಇಲ್ಲದಿದ್ದರೆ ಕೊಂಬೆಗಳು ಕೈ ಗೀರುತ್ತವೆ, ಚಗಳಿ ಇರುವೆಗಳು ಒಳಗಿಳಿದು ಕುಣಿಸಿಬಿಡುತ್ತವೆ. ನಮ್ಮ ಮನೆಯ ಹಿತ್ತಲ ಬಾಗಿಲ ಪಕ್ಕ ಇದಕ್ಕೆಂದೇ ಮೊಳೆ ಹೊಡೆದಿದೆ. ಅಲ್ಲಿ ನೇತಾಡುವ ಅಂಗಿಗೆ ಒಡೆಯರು ಅಂತ ಇಲ್ಲ. ಕೊಯ್ಲಿಗೆ ಹೊರಟವರು ಕೈಗೆ ಸಿಕ್ಕಿದ್ದನ್ನು ತೊಟ್ಟು ನಡೆಯುತ್ತಾರೆ.

ಅಪ್ಪ ತೀರಿಕೊಂಡ ವರ್ಷ, ಕೊಯ್ಲು ಶುರುವಾಗುವುದಕ್ಕೂ ಮೊದಲೇ ಅಮ್ಮ ಅಪ್ಪನ ಅಂಗಿಗಳನ್ನೆಲ್ಲ ಕಪಾಟಿನಿಂದ ತೆಗೆದು ಆ ಮೊಳೆಗೆ ಹಾಕಿದಳು. ಕಾಲರು ಗಟ್ಟಿಯಾಗಿದ್ದವನ್ನೂ ಬಿಡಲಿಲ್ಲ. ಒಂದೊಂದಾಗಿ ತೊಟ್ಟಳು, ಹರಿದಳು, ಆಮೇಲೆ ನೆಲ ಒರೆಸಿದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಅಪ್ಪನ ಮಾತು ನಾನು ತೆಗೆದರೆ ಅವಳು ಮೆಣಸಿನ ಬಳ್ಳಿಯ ಮಾತು ತೆಗೆಯುತ್ತಿದ್ದಳು. ನನಗೆ ಬೇಕಾಗಿದ್ದದ್ದು ಅಂಥ ದೊಡ್ಡದೇನೂ ಅಲ್ಲ. ಅಪ್ಪ ಇಲ್ಲ ಅಂತ ನನ್ನ ಜೊತೆ ಕೂತು ಬೇಸರ ಮಾಡಿಕೊಳ್ಳುವ ಒಬ್ಬರು ಮನೆಯಲ್ಲಿ ಬೇಕಿತ್ತು, ಅಷ್ಟೆ. ಇದ್ದದ್ದೇ ಇಬ್ಬರು. ಅದರಲ್ಲಿ ಒಬ್ಬಳಿಗೆ ಬಿಡುವಿರಲಿಲ್ಲ.

ಮರುವರ್ಷ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನ ಆಫೀಸಿನಿಂದ ನನಗೆ ಸಂದರ್ಶನಕ್ಕೆ ಕರೆ ಬಂತು. ಲೆಕ್ಕಪತ್ರದ ಕೆಲಸ. ಬೆಳಿಗ್ಗೆ ಬಸ್ಸು ಹಿಡಿದರೆ ಸಂಜೆ ಮನೆಗೆ ಬರಬಹುದು, ಅಮ್ಮನನ್ನು ಬಿಟ್ಟು ಹೋಗಬೇಕಿಲ್ಲ. ಅದಕ್ಕೇ ಆ ಕೆಲಸದ ಮೇಲೆ ನನಗೆ ಜೀವ. ಆದರೆ ತೊಡುವುದೇನು? ನನ್ನ ಹತ್ತಿರ ಇದ್ದದ್ದೆಲ್ಲ ಟೀ ಶರ್ಟು. ಮೂಡಿಗೆರೆಯ ಗೆಳೆಯನೊಬ್ಬ, "ನನ್ ರಿಸೆಪ್ಷನ್ ಶರ್ಟ್ ಕೊಡ್ತೀನಿ ಮಾರಾಯ, ಒಂದೇ ಸಲ ಹಾಕಿದ್ದು" ಅಂತ ಔದಾರ್ಯ ತೋರಿಸಿದ. ಹಾಕಿ ನೋಡಿದೆ. ಮೈತುಂಬ ಮಿಂಚು. ಲೆಕ್ಕ ಬರೆಯುವವನ ಬದಲು ಬ್ಯಾಂಡ್ ಸೆಟ್ಟಿನವನ ಹಾಗೆ ಕಂಡೆ.

ಕಪಾಟಿನಲ್ಲಿ ಅಪ್ಪನ ಅಂಗಿ ಒಂದು ಉಳಿದಿತ್ತು, ತಿಳಿನೀಲಿ ಬಣ್ಣದ್ದು. ಅದೊಂದೇ ಹೇಗೆ ಉಳಿಯಿತೋ ನನಗೆ ತಿಳಿಯದು. ಆಸೆ ತಡೆಯಲಾರದೆ ಅಮ್ಮನನ್ನು ಕೇಳಿಯೇಬಿಟ್ಟೆ.

"ಇದನ್ನ ಯಾಕೆ ಇಟ್ಕೊಂಡಿದೀಯ?"

"ತೆಳು ಬಟ್ಟೆ ಅದು. ಚಗಳಿ ಕಚ್ಚಿದ್ರೆ ಸೀದಾ ಮೈಗೇ ತಾಗತ್ತೆ. ತೋಟಕ್ಕೆ ಆಗಲ್ಲ" ಅಂದಳು. "ನಿಂಗೆ ಬೇಕಿದ್ರೆ ಹಾಕ್ಕೊಂಡು ಹೋಗು."

ಅಷ್ಟೇನಾ ಅನ್ನಿಸಿತು. ಬೇರೇನೋ ಹೇಳಿಯಾಳು ಅಂತ ಕಾದ ನನ್ನ ಮೇಲೆ ನನಗೇ ನಗು ಬಂತು.

ಸಂದರ್ಶನದ ಹಿಂದಿನ ಸಂಜೆ ಅಂಗಿಗೆ ಇಸ್ತ್ರಿ ಹಾಕಿದೆ. ಮಡಚಿದರೆ ಗೆರೆ ಬೀಳುತ್ತದೆ ಅಂತ ಯೋಚಿಸಿ, ಖಾಲಿ ಕಂಡ ಮೊಳೆಗೆ ನೇತುಹಾಕಿದೆ. ಯಾವ ಮೊಳೆ ಅಂತ ನೋಡಬೇಕಿತ್ತು. ನೋಡಲಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ ಬಂದರೆ ಅಂಗಿ ಇಲ್ಲ. ಪಕ್ಕದ ಮನೆಯ ಚಿಕ್ಕಮ್ಮ ಅಂದು ನಮ್ಮಲ್ಲಿಗೆ ಮುಯ್ಯಾಳಾಗಿ ಬಂದಿದ್ದರು. ಒಂದು ದಿನ ಅವರು ನಮ್ಮ ತೋಟಕ್ಕೆ, ಇನ್ನೊಂದು ದಿನ ಅಮ್ಮ ಅವರ ತೋಟಕ್ಕೆ ಹೋಗುವುದು ರೂಢಿ. ಅವರು ಮಂಜು ಮುಸುಕಿದ ಬೆಳಕಿನಲ್ಲಿ ಕೈಗೆ ಸಿಕ್ಕಿದ ಅಂಗಿ ತೊಟ್ಟು ಆಗಲೇ ತೋಟಕ್ಕೆ ಹೋಗಿಯಾಗಿತ್ತು. ತಪ್ಪು ಅವರದಲ್ಲ, ಮೊಳೆ ಇರುವುದೇ ಅದಕ್ಕೆ.

"ಅಮ್ಮಾ, ಚಿಕ್ಕಮ್ಮ ನೀಲಿ ಅಂಗಿ ಹಾಕ್ಕೊಂಡು ಹೋಗಿದಾರೆ" ಅಂದೆ.

ಅಮ್ಮ ದೋಸೆ ಹುಯ್ಯುತ್ತಿದ್ದಳು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. ಒಲೆ ಆರಿಸಲಿಲ್ಲ, ಚಪ್ಪಲಿ ಮೆಟ್ಟಲಿಲ್ಲ, ಓಡಿದಳು. ಮಂಡಿನೋವು ಅಂತ ಬಸ್ಸು ಹತ್ತಲೂ ನನ್ನ ತೋಳು ಹಿಡಿಯುವವಳು ಆ ಏರು ಹಾದಿಯಲ್ಲಿ ಓಡಿದಳು. ನಾನು ಹಿಂದೆ ಓಡಿದರೂ ಸಿಗಲಿಲ್ಲ. ಮೇಲೆ ಗಿಡಗಳ ನಡುವಿನಿಂದ ಅವಳ ದನಿ ಕೇಳಿತು.

"ಬಿಚ್ಚು! ಅದನ್ನ ಬಿಚ್ಚು ಮೊದ್ಲು! ಅದು ಅವ್ರದ್ದು!"

"ಅಯ್ಯೋ ಅಕ್ಕಾ, ಮೊಳೆ ಮೇಲಿತ್ತಲ್ಲ" ಅಂತ ಚಿಕ್ಕಮ್ಮ ಗಾಬರಿಬಿದ್ದು ಬಿಚ್ಚುತ್ತಿದ್ದರು. ಬಿಚ್ಚುವ ತನಕವೂ ಅಮ್ಮನಿಗೆ ತಡೆಯಲಾಗಲಿಲ್ಲ, ತಾನೇ ಗುಂಡಿ ಕಳಚಿದಳು. ಅಂಗಿಯನ್ನು ಎದೆಗೆ ಒತ್ತಿಕೊಂಡು ಕಾಫಿ ಗಿಡದ ಬುಡದಲ್ಲಿ ಕುಕ್ಕರಿಸಿದಳು. ಅಪ್ಪ ಹೋದ ಮೇಲೆ ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಚಿಕ್ಕಮ್ಮ ಅವಳ ಬೆನ್ನು ಸವರಿದರು.

ಕೆಳಗಿಳಿದು ಬಂದಾಗ ಒಂದು ತೋಳಿಗೆ ಹಣ್ಣಿನ ರಸ ತಾಗಿ ಕಂದು ಕಲೆಯಾಗಿತ್ತು. ಅಮ್ಮ ಅಷ್ಟು ಜಾಗವನ್ನು ಮಾತ್ರ ನೀರಿಗೆ ಹಿಡಿದು ತಿಕ್ಕಿದಳು. ಮಿಕ್ಕಿದ್ದಕ್ಕೆ ಒಂದು ಹನಿಯೂ ತಾಗದ ಹಾಗೆ ನೋಡಿಕೊಂಡಳು.

"ನಂಗೆ ಬೇಡಮ್ಮ, ಆ ಮಿಂಚಿನ ಶರ್ಟೇ ಹಾಕ್ಕೊಂಡು ಹೋಗ್ತೀನಿ. ಇದನ್ನ ನೀನೇ ಇಟ್ಕೋ" ಅಂದೆ.

"ಇಟ್ಕೊಂಡು ಏನ್ ಮಾಡ್ಲಿ? ಇಟ್ಕೊಂಡ್ರೆ ಅವ್ರು ಬರ್ತಾರಾ?" ಅಂದಳು. ನನಗೆ ತೊಡಿಸಿ, ಒದ್ದೆ ತೋಳನ್ನು ಮೊಣಕೈವರೆಗೆ ಮಡಚಿದಳು. ಅಂಗಿ ನನಗೆ ಭುಜದಲ್ಲಿ ಸಡಿಲ. ಅಪ್ಪನ ಅಳತೆಗೆ ನಾನು ಬೆಳೆದೇ ಇಲ್ಲ.

ಆಫೀಸಿನವರು ಅಂಗಿಯನ್ನು ನೋಡಿದ ಹಾಗೆಯೇ ಕಾಣಲಿಲ್ಲ. ಎಷ್ಟು ಓದಿದ್ದೀರಿ, ದಿನಾ ಬಸ್ಸಿನಲ್ಲಿ ಬರಲಿಕ್ಕಾಗುತ್ತದಾ ಅಂತ ಕೇಳಿದರು. ನಾನು ಉತ್ತರ ಹೇಳುತ್ತ ಮೇಜಿನ ಕೆಳಗೆ ಆ ತೋಳನ್ನೇ ಹಿಡಿದುಕೊಂಡಿದ್ದೆ. ಒಂದನೇ ತಾರೀಖಿನಿಂದ ಬನ್ನಿ ಅಂದರು. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಅಪ್ಪನಿಗೆ ಇದನ್ನು ಹೇಳಬೇಕು ಅಂದುಕೊಂಡೆ. ಇಷ್ಟು ದಿನವಾದರೂ ಆ ಅಭ್ಯಾಸ ಹೋಗಿರಲಿಲ್ಲ.

ರಸ್ತೆಯಿಂದ ಮನೆಯ ಏರು ಹತ್ತುವಾಗ ಹೊತ್ತು ಮುಳುಗಿತ್ತು. ಅಮ್ಮ ಕಣದಲ್ಲಿದ್ದಳು. ಒಣಗಲು ಹರಡಿದ್ದ ಕಾಫಿಯನ್ನು ಗುಡ್ಡೆ ಮಾಡಿ, ಇಬ್ಬನಿ ಬೀಳದ ಹಾಗೆ ಟಾರ್ಪಾಲು ಎಳೆಯುತ್ತಿದ್ದಳು. ತಲೆ ಎತ್ತಿ ನನ್ನನ್ನು ನೋಡಿದಳು. ಟಾರ್ಪಾಲಿನ ತುದಿ ಕೈಯಲ್ಲೇ ಉಳಿಯಿತು. ಆ ಮಬ್ಬಿನಲ್ಲಿ ನನ್ನ ಮುಖ ಕಾಣುತ್ತಿರಲಿಲ್ಲ, ಅಂಗಿ ಮಾತ್ರ ಕಾಣುತ್ತಿತ್ತು.

"ಅಮ್ಮಾ..." ಅಂದೆ.

"ಮಾತಾಡ್ಬೇಡ" ಅಂದಳು. "ಸ್ವಲ್ಪ ಹೊತ್ತು ಅಲ್ಲೇ ನಿಂತಿರು."

ಕೆಲಸ ಸಿಕ್ಕಿತು ಅಂತ ಹೇಳಲು ಬಂದವನು ಬಾಯಿ ಮುಚ್ಚಿ ಅಲ್ಲೇ ನಿಂತೆ. ಸಡಿಲ ಭುಜವನ್ನು ಆದಷ್ಟು ಅಗಲ ಮಾಡಿಕೊಂಡು ನಿಂತೆ.