ಬಿಳಿ ಗುಂಡಿಯ ಕೋಟು

ನಮ್ಮ ಮನೆಯ ಚಾವಡಿಯ ಗೋಡೆಯಲ್ಲಿ ಅಣ್ಣನ ಫೋಟೋ ಒಂದಿದೆ. ಹದಿನೇಳರ ಹುಡುಗ, ಕಪ್ಪು ಕೋಟು, ಎಣ್ಣೆ ಹಚ್ಚಿ ಅಂಟಿಸಿದ ಬೈತಲೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡವನ ಮುಖ. ಬಂದವರು ಅದನ್ನು ನೋಡದೆ ಹೋಗುವಂತಿಲ್ಲ. ನೋಡದಿದ್ದರೆ ಅಮ್ಮ ತೋರಿಸುತ್ತಾಳೆ. ಅವಳು ಹೇಳುವ ಕಥೆ ಹೀಗೆ: ಅಣ್ಣ ಎಸ್ಸೆಸ್ಸೆಲ್ಸಿ ಪಾಸಾದಾಗ ಅಜ್ಜನಿಗೆ ಸಂತೋಷ ತಡೆಯಲಾಗದೆ ಪುತ್ತೂರಿನ ಒಳ್ಳೆಯ ದರ್ಜಿಯಿಂದ ಕೋಟು ಹೊಲಿಸಿಕೊಟ್ಟರು. ಮಳೆಗಾಲದಲ್ಲಿ ಅದನ್ನು ಪೆಟ್ಟಿಗೆಯಲ್ಲಿಟ್ಟದ್ದೇ ತಪ್ಪಾಯಿತು, ಗೆದ್ದಲು ತಿಂದಿತು.

ಈ ಕಥೆಗೆ ನನ್ನ ಆಕ್ಷೇಪಗಳಿವೆ. ಅಜ್ಜನನ್ನು ನಾನು ಬಲ್ಲೆ. ಹರಿದ ಕೊಡೆಯ ಬಟ್ಟೆಯನ್ನು ಎಸೆಯಲು ಮನಸ್ಸು ಬಾರದೆ ಅದರಲ್ಲಿ ಎಲೆಯಡಿಕೆಯ ಚೀಲ ಹೊಲಿಸಿಕೊಂಡ ಮನುಷ್ಯ ಅವರು. ಸಂತೋಷ ತಡೆಯಲಾಗದಿದ್ದರೆ ಇನ್ನೊಂದು ಎಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಅಷ್ಟೆ. ಮತ್ತೆ, ಆ ಪೆಟ್ಟಿಗೆ ಕಬ್ಬಿಣದ್ದು. ಕಬ್ಬಿಣದ ಪೆಟ್ಟಿಗೆಗೆ ಹೊಕ್ಕು, ಅಮ್ಮನ ಧಾರೆ ಸೀರೆಯನ್ನು ಮುಟ್ಟದೆ, ಕೋಟನ್ನು ಮಾತ್ರ ಗುಂಡಿ ಸಹಿತ ತಿಂದು ಹೋಗುವಷ್ಟು ರುಚಿ ಬಲ್ಲ ಗೆದ್ದಲನ್ನು ನಾನು ಇದುವರೆಗೆ ಕಂಡಿಲ್ಲ.

ಅದೆಲ್ಲ ಇರಲಿ. ಈಗ ಪೇಟೆಗೆ ಟೆರಿಲಿನ್ ಬಟ್ಟೆ ಬಂದ ಮೇಲೆ ನಮ್ಮ ಕಡೆಯ ಗಂಡಸರೆಲ್ಲ, ನಮಗೆ ಆಗ ಬಟ್ಟೆಯ ಆಸೆಯೇ ಇರಲಿಲ್ಲ ಮಾರಾಯ ಎಂದು ಸನ್ಯಾಸಿಗಳ ಹಾಗೆ ಮಾತಾಡುತ್ತಾರೆ. ಸುಳ್ಳು. ಆಸೆ ಬೇಕಾದಷ್ಟಿತ್ತು, ಬಟ್ಟೆ ಇರಲಿಲ್ಲ. ಪುತ್ತೂರಿನ ಜವಳಿ ಅಂಗಡಿಗೆ ಹೋದರೆ ಹೆಣ್ಣುಮಕ್ಕಳ ಪಾಲಿಗೆ ಅಂಗಡಿಯವರು ಕಪಾಟು ಬರಿದು ಮಾಡಿ ಚಾಪೆಯ ತುಂಬ ಹೂವು, ಬಳ್ಳಿ, ಚುಕ್ಕಿ ಹರಡುತ್ತಿದ್ದರು. ಗಂಡುಮಕ್ಕಳ ಸರದಿ ಬಂದಾಗ ಕೇಳುತ್ತಿದ್ದದ್ದು ಒಂದೇ ಮಾತು: ‘ಎಷ್ಟು ಜನ ಉಂಟು?’ ಯಾವ ಬಣ್ಣ ಎಂದಲ್ಲ, ಎಷ್ಟು ಜನ. ಉತ್ತರ ಸಿಕ್ಕಿದ ಮೇಲೆ ಒಂದೇ ತಾನಿನಿಂದ ಎಲ್ಲರಿಗೂ ಹರಿದು ಕೊಡುವುದು. ಹಾಗೆ ಒಂದು ವರ್ಷ ಅಣ್ಣ, ನಾನು, ಚಿಕ್ಕಪ್ಪನ ಮಕ್ಕಳಿಬ್ಬರು ಮತ್ತು ಚಾವಡಿಯ ದಿಂಬುಗಳು ಒಂದೇ ನೀಲಿ ಗೀಟಿನಲ್ಲಿದ್ದೆವು. ಅದರಲ್ಲಿ ದಿಂಬುಗಳಿಗೆ ಮಾತ್ರ ಬಟ್ಟೆ ಸರಿಯಾಗಿ ಹಿಡಿಸಿತ್ತು. ಯಾಕೆಂದರೆ ದಿಂಬು ಬೆಳೆಯುವುದಿಲ್ಲ. ನಾವು ಬೆಳೆಯುವ ಮಕ್ಕಳು ಎಂಬ ಕಾರಣಕ್ಕೆ ಬೆಳ್ಳಾರೆಯ ದರ್ಜಿ ತೆಗೆದ ಅಳತೆಗೆಲ್ಲ ನಾಲ್ಕು ಬೆರಳು ಸೇರಿಸುತ್ತಿದ್ದ. ಹಾಗಾದರೆ ಅಳತೆ ತೆಗೆಯುವುದು ಯಾಕೆ ಎಂದು ನಾನು ಒಮ್ಮೆ ಕೇಳಿದ್ದಕ್ಕೆ ಮುಂದಿನ ಅಂಗಿಗೆ ಆರು ಬೆರಳು ಸೇರಿಸಿದ.

ಅದು ಒಳ್ಳೆಯ ಅಂಗಿ. ವರ್ಷಕ್ಕೆ ಒಂದು. ಮದುವೆಗೋ ಮುಂಜಿಗೋ ಹಾಕಿ, ಅದೇ ಸಂಜೆ ಬಿಚ್ಚಿ ಪೆಟ್ಟಿಗೆಗೆ. ಅಂಗಿ ಮೈಗೆ ಸರಿಹೋಗುವ ಹೊತ್ತಿಗೆ ಊರಿನ ಮದುವೆಗಳೆಲ್ಲ ಮುಗಿದಿರುತ್ತಿದ್ದವು. ಉಳಿದ ದಿನಗಳಿಗೆ ಖಾಕಿ ಚಡ್ಡಿ, ಬಿಳಿ ಅಂಗಿ. ದೊಡ್ಡವನಾದರೆ ಬಿಳಿ ಮುಂಡು, ಬಿಳಿ ಅಂಗಿ. ಇಷ್ಟರ ನಡುವೆ ಕೋಟು ಎಲ್ಲಿಂದ ಬರಬೇಕು?

ಎಲ್ಲಿಂದ ಎಂಬುದು ನನಗೆ ಗೊತ್ತಾದದ್ದು ಒಂಬತ್ತನೆಯಲ್ಲಿ. ಶಾಲೆಗಳ ಚರ್ಚಾ ಸ್ಪರ್ಧೆಗೆ ಪುತ್ತೂರಿಗೆ ಹೋಗಿದ್ದೆ. ವಿಷಯ, ಸರಳತೆಯೇ ಭೂಷಣ. ನಾನು ಪರವಾಗಿ ಮಾತಾಡಿದೆ. ಹಾಕಿದ್ದ ಚಡ್ಡಿಯನ್ನು ನೋಡಿದರೆ ಬೇರೆ ಪಕ್ಷ ಹಿಡಿಯುವ ಹಾಗೂ ಇರಲಿಲ್ಲ. ಬಹುಮಾನ ಬಂತು. ಶಾಲೆಯ ಗೋಡೆಗೊಂದು ಫೋಟೋ ಇರಲಿ ಎಂದು ಮಾಸ್ತರರು ನನ್ನನ್ನು ಸ್ಟುಡಿಯೋಕ್ಕೆ ಕರೆದುಕೊಂಡು ಹೋದರು. ಸ್ಟುಡಿಯೋದವರು ಸರಳತೆಯ ಪರವಾಗಿ ಗೆದ್ದವನನ್ನು ಮೇಲಿಂದ ಕೆಳಗೆ ನೋಡಿ, ಮೊಳೆಯಿಂದ ಒಂದು ಕಪ್ಪು ಕೋಟು ಇಳಿಸಿದರು.

ಗುಂಡಿಗಳೆಲ್ಲ ಕಪ್ಪು, ಕೆಳಗಿನಿಂದ ಎರಡನೆಯದು ಮಾತ್ರ ಬಿಳಿ. ಆ ಬಿಳಿ ಗುಂಡಿಯನ್ನು ನಾನು ಹುಟ್ಟಿನಿಂದ ಎಂಬಷ್ಟು ಕಾಲದಿಂದ ನಮ್ಮ ಚಾವಡಿಯ ಗೋಡೆಯಲ್ಲಿ ನೋಡುತ್ತಿದ್ದೆ.

ಕೋಟಿನ ಇನ್ನೊಂದು ಗುಟ್ಟು ಅದನ್ನು ತೊಟ್ಟವನಿಗೆ ಮಾತ್ರ ತಿಳಿಯುವಂಥದ್ದು. ಬೆನ್ನು ಕುತ್ತಿಗೆಯಿಂದ ತಳದವರೆಗೆ ಸೀಳಿತ್ತು. ಸೀಳಿನ ಎರಡೂ ಅಂಚಿಗೆ ನಾಲ್ಕು ಜೊತೆ ಲಾಡಿ. ಸಪುರದವನಿಗೆ ಬಿಗಿಯಾಗಿ, ದಪ್ಪದವನಿಗೆ ಸಡಿಲಾಗಿ ಕಟ್ಟಿದರೆ ಶಾಲೆಯ ಹುಡುಗನಿಂದ ಹಿಡಿದು ಪಟೇಲರವರೆಗೆ ಯಾರಿಗೂ ಹಿಡಿಸುತ್ತದೆ. ಫೋಟೋ ಸೊಂಟದಿಂದ ಮೇಲಕ್ಕೆ. ಕೆಳಗಿನ ಚಡ್ಡಿ ಕಾಣುವುದಿಲ್ಲ, ಹಿಂದಿನ ಲಾಡಿ ಕಾಣುವುದಿಲ್ಲ. ನಮ್ಮ ಅಣ್ಣನೂ ಇಲ್ಲಿಗೆ ಬಂದಿದ್ದನೋ ಎಂದು ಕೇಳಿದೆ.

“ಪಾಸಾದವರೆಲ್ಲ ಬರುದು ಇಲ್ಲಿಗೇ ಮಾರಾಯ. ಇನ್ನೆಲ್ಲಿಗೆ ಹೋಗುದು?” ಎಂದರು ಅವರು.

ಅಣ್ಣ ಪಾಸಾದಾಗ ನಮ್ಮ ಜಿಲ್ಲೆ ಮದ್ರಾಸಿನಲ್ಲಿತ್ತು, ನಾನು ಬಹುಮಾನ ಪಡೆದಾಗ ಮೈಸೂರಿನಲ್ಲಿತ್ತು. ಸರಕಾರ ಬದಲಾಯಿತು, ಕೋಟು ಬದಲಾಗಲಿಲ್ಲ. ಮನೆಗೆ ಬಂದು ಅಮ್ಮನಿಗೆ ವಿಷಯ ಹೇಳಿದೆ. ಲೋಕದಲ್ಲಿ ಬಿಳಿ ಗುಂಡಿ ಒಂದೇ ಇರುವುದೋ ಎಂದು ಕೇಳಿ ಅವಳು ಒಲೆಯ ಕಡೆ ತಿರುಗಿದಳು.

ಆ ವರ್ಷ ಬೇಸಗೆ ರಜೆ ಬರುವ ಮೊದಲೇ ಅಣ್ಣನಿಗೆ ಹೆಣ್ಣು ನೋಡುವ ಮಾತು ಜೋರಾಯಿತು. ಅವನು ಸೊಸೈಟಿಯಲ್ಲಿ ಗುಮಾಸ್ತ, ಮಾತು ಕಡಿಮೆ. ಆಲಂಕಾರಿನ ಕಡೆಯ ಒಬ್ಬಳು ಹುಡುಗಿಯನ್ನು ಯಾರದ್ದೋ ಮದುವೆಯ ಊಟದಲ್ಲಿ ನೋಡಿದ್ದ. ಅದರ ನಂತರ ಬೇರೆ ಯಾರ ಜಾತಕ ಬಂದರೂ ಅವನಿಗೆ ಹೊಟ್ಟೆನೋವು ಬರುತ್ತಿತ್ತು. ಈ ಹೊಟ್ಟೆನೋವಿನ ಅರ್ಥ ಮನೆಯಲ್ಲಿ ಎಲ್ಲರಿಗೂ ಆದ ಮೇಲೆ, ಜಾತಕ ಹಿಡಿದು ಊರೂರು ತಿರುಗುವ ನಮ್ಮ ದೂರದ ದೊಡ್ಡಪ್ಪನೊಬ್ಬರು ಅಣ್ಣನ ಫೋಟೋವನ್ನೂ ಅಮ್ಮನ ಕಥೆಯನ್ನೂ ಆಲಂಕಾರಿಗೆ ಒಯ್ದರು. ಗೆದ್ದಲನ್ನು ಅಲ್ಲಿಯವರೆಗೆ ಒಯ್ಯಲು ಅವರಿಗೆ ನೆನಪಾಗಲಿಲ್ಲ. ಹುಡುಗನಿಗೆ ಕೋಟು ಇದೆ ಎಂದಷ್ಟೇ ಹೇಳಿ, ಫೋಟೋವನ್ನು ಅಲ್ಲೇ ಬಿಟ್ಟು ಬಂದರು.

ಎರಡು ವಾರ ಬಿಟ್ಟು ಉತ್ತರ ತಂದರು. ಜಾತಕ ಕೂಡಿದೆ, ಮನೆತನ ಒಪ್ಪಿದೆ, ಭಾನುವಾರ ಹೆಣ್ಣು ನೋಡಲು ಬರಬಹುದು. “ಒಂದೇ ಒಂದು. ಹುಡುಗ ಕೋಟು ಹಾಕಿಯೇ ಬರ್ಬೇಕಂತೆ. ಅವರ ಅಜ್ಜಿಗೆ ನೋಡ್ಬೇಕಂತೆ.”

ಅಣ್ಣ ಕಲಸಿದ ಅನ್ನವನ್ನೇ ಮತ್ತೆ ಕಲಸತೊಡಗಿದ. ಅಮ್ಮ ಗೆದ್ದಲಿನ ಪ್ರಸ್ತಾಪ ಎತ್ತಿದಳು. ಈಗ ಹೇಳಿದರೆ ನೆವ ಹೇಳಿದ ಹಾಗಾಗುತ್ತದೆ, ಸಂಬಂಧ ಹೋದ ಹಾಗೆಯೇ ಎಂದರು ದೊಡ್ಡಪ್ಪ. ಅಪ್ಪ ಇಂಥ ವಿಷಯಕ್ಕೆ ಬಾಯಿ ಹಾಕುವವರಲ್ಲ. ದೊಡ್ಡಪ್ಪ ಹೋದ ಮೇಲೆ ಅಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಪುತ್ತೂರಿನವರು ಆ ಕೋಟನ್ನು ಒಂದು ದಿನಕ್ಕೆ ಕೊಟ್ಟಾರೇ ಎಂದು ಕೇಳಿದಳು. ಹಾಗಾದರೆ ಎರಡೂ ಒಂದೇ ಕೋಟು ಎಂದು ಮೊದಲು ಒಪ್ಪಿಕೋ ಎಂದೆ ನಾನು. ಎದುರಾಳಿ ಕೈಗೆ ಸಿಕ್ಕಿದಾಗ ಬಿಡಬಾರದು.

“ಒಂದೇ ಅಂತ ನಾನು ಯಾವಾಗ ಹೇಳಿದೆ? ಹಾಗೆಯೇ ಇರುದು ಅಂತ ಹೇಳಿದೆ. ಹೋಗು, ತಾ.”

ಮರುದಿನ ಶಾಲೆ ತಪ್ಪಿಸಿ ಪುತ್ತೂರಿನ ಬಸ್ಸು ಹತ್ತಿದೆ. ಸ್ಟುಡಿಯೋದವರು ಸುಲಭಕ್ಕೆ ಬಗ್ಗಲಿಲ್ಲ. ಕೋಟು ಹೊರಗೆ ಹೋದರೆ ಫೋಟೋಕ್ಕೆ ಬಂದವರಿಗೆ ಏನು ತೊಡಿಸುವುದು? ನಾನು ವಾದ ಹೂಡಿದೆ: ನಾಳೆ ಭಾನುವಾರ, ಬರುವವರು ಕಡಿಮೆ. ಈ ಕೋಟಿನಲ್ಲಿ ತೆಗೆದ ಫೋಟೋದಿಂದಲೇ ಸಂಬಂಧ ಇಷ್ಟು ದೂರ ಬಂದದ್ದು. ಈಗ ಅದು ಮುರಿದರೆ ಹೆಸರು ಹಾಳಾಗುವುದು ಫೋಟೋದ್ದು, ಅಣ್ಣನದ್ದಲ್ಲ. ಅವರು ಮೊಳೆಯಿಂದ ಕೋಟು ಇಳಿಸುತ್ತ, ನೀನು ವಕೀಲನಾಗುವವನು ಎಂದು ಬೈಗುಳದ ಧ್ವನಿಯಲ್ಲಿ ಹೇಳಿದರು. ಅವರದ್ದು ಎರಡು ಷರತ್ತು. ಲಾಡಿ ಬಿಚ್ಚಿ ಹೊಲಿಗೆ ಹಾಕಬಾರದು. ಮದುವೆ ಆದರೆ ಫೋಟೋ ಅವರಲ್ಲೇ ತೆಗೆಸಬೇಕು.

ಭಾನುವಾರ ಅಪ್ಪ, ಅಮ್ಮ, ಅಣ್ಣ, ನಾನು ಪುತ್ತೂರಿನಲ್ಲಿ ಬಸ್ಸು ಬದಲಿಸಿ ಕಡಬದ ಬಸ್ಸು ಹಿಡಿದೆವು. ಕೋಟು ಪೇಪರಿನಲ್ಲಿ ಸುತ್ತಿಕೊಂಡು ಅಮ್ಮನ ತೊಡೆಯ ಮೇಲಿತ್ತು. ಕೊಯಿಲ ದಾಟುವಾಗ ಬಸ್ಸಿನೊಳಗೆ ಎಂಥ ಸೆಕೆ ಎಂದರೆ, ಬರಿಯ ಅಂಗಿಯಲ್ಲಿದ್ದ ಕಂಡಕ್ಟರನೇ ಬಾಗಿಲಲ್ಲಿ ಜೋತುಬಿದ್ದಿದ್ದ. ಆಲಂಕಾರಿನಲ್ಲಿ ಇಳಿದು, ಹುಡುಗಿಯ ಮನೆ ಕಾಣುವ ಮೊದಲೇ ಒಂದು ಹಲಸಿನ ಮರದ ಅಡಿಯಲ್ಲಿ ನಿಂತೆವು. ಅಲ್ಲಿ ಅಣ್ಣನಿಗೆ ಕೋಟು ತೊಡಿಸಿ, ಗೋಣಿಯ ಬಾಯಿ ಕಟ್ಟುವ ಹಾಗೆ ಲಾಡಿ ಕಟ್ಟಿದೆ. ಹದಿನೇಳರಲ್ಲಿ ಅವನಿಗೆ ಬಿಗಿದು ಕಟ್ಟಿದ್ದಿರಬೇಕು. ಈಗ ಲಾಡಿ ತುದಿಗೆ ತುದಿ ಮುಟ್ಟುತ್ತಿತ್ತು. ಸೀಳಿನಿಂದ ಬಿಳಿ ಅಂಗಿ ಒಂದು ಗೇಣು ಕಾಣುತ್ತಿತ್ತು. ಅವನಿಗೆ ಕಲಿಸಿದ ಪಾಠ ಒಂದೇ: ಬೆನ್ನು ತೋರಿಸಬೇಡ. ನಾನು ಅವನ ಹಿಂದೆ ಅಂಟಿಕೊಂಡು ನಡೆದೆ. ದೂರದಿಂದ ನೋಡಿದವರಿಗೆ ನಾಲ್ಕು ಕಾಲಿನ ಮದುಮಗನೊಬ್ಬ ಬಂದ ಹಾಗೆ ಕಂಡಿದ್ದರೆ ತಪ್ಪಲ್ಲ.

ಚಾವಡಿಯಲ್ಲಿ ಗೋಡೆಗೆ ತಾಗಿದ ಬೆಂಚು ಸಿಕ್ಕಿತು. ಅಣ್ಣ ಬೆನ್ನನ್ನು ಗೋಡೆಗೆ ಕೊಟ್ಟು ಕುಳಿತಾಗ ನಾನು ಉಸಿರು ಬಿಟ್ಟೆ. ಆಮೇಲೆ ತಲೆ ಎತ್ತಿದೆ. ಅಣ್ಣನ ತಲೆಯ ಮೇಲೆ, ಗೋಡೆಯಲ್ಲಿ, ಇನ್ನೊಬ್ಬ ಹುಡುಗನ ಫೋಟೋ. ಕಪ್ಪು ಕೋಟು. ಕೆಳಗಿನಿಂದ ಎರಡನೆಯ ಗುಂಡಿ ಬಿಳಿ.

ಅಮ್ಮನೂ ನೋಡಿದಳು, ಅವಳ ಮುಖದಿಂದ ಗೊತ್ತಾಯಿತು. ಯಾವತ್ತೂ ಬಾಯಿ ಹಾಕದ ಅಪ್ಪ ಅಂದೇ ಮಾತಾಡಬೇಕೇ? ಅದು ನಿಮ್ಮ ಮಗನೋ ಎಂದು ಹುಡುಗಿಯ ತಂದೆಯನ್ನು ಕೇಳಿದರು. ಹೌದು, ಪಾಸಾದಾಗ ತೆಗೆದದ್ದು, ಕೋಟು ಮಂಗಳೂರಿನಲ್ಲಿ ಹೊಲಿಸಿದ್ದು ಎಂದು ಅವರು ರೂಢಿಯ ಮೇಲೆ ಹೇಳಿಬಿಟ್ಟರು. ಹೇಳಿದ ಮೇಲೆ ಅವರ ಕಣ್ಣು ಗೋಡೆಯಿಂದ ಬೆಂಚಿಗೆ ಇಳಿಯಿತು. ಅಣ್ಣ ಬಿಳಿ ಗುಂಡಿಯ ಮೇಲೆ ಕೈ ಇಟ್ಟುಕೊಂಡ. ಕೈಯಿಟ್ಟದ್ದರಿಂದ ಆ ಜಾಗವನ್ನು ನೋಡದವರೂ ನೋಡಿದರು.

“ಒಬ್ಬನೇ ದರ್ಜಿ ಇರ್ಬೇಕು,” ಎಂದಳು ಅಮ್ಮ.

“ಇರ್ಬೇಕು,” ಎಂದರು ಅವರು. ಮತ್ತೆ ಗೋಡೆಯ ಕಡೆ ಕೈ ತೋರಿಸಿ, “ಈಗ ಇಲ್ಲ ಅದು. ಗೆದ್ದಲು ತಿಂದಿತು.”

ನನಗೆ ಎದ್ದು ನಿಂತು ಕೇಳಬೇಕಾದ ಪ್ರಶ್ನೆಗಳು ಮೂರಾದರೂ ಇದ್ದವು. ಅಮ್ಮ ನನ್ನ ಕಾಲಿನ ಹೆಬ್ಬೆರಳನ್ನು ತನ್ನ ಹಿಮ್ಮಡಿಯಿಂದ ಒತ್ತಿ ಹಿಡಿದಿದ್ದಳು.

ಆಗ ಅಜ್ಜಿಯನ್ನು ಕರೆತಂದರು. ನಿಜವಾಗಿಯೂ ಕರೆತಂದರು, ಹುಡುಗಿಯ ತಾಯಿ ಕೈಹಿಡಿದು, ಇಲ್ಲಿ ಮೆಟ್ಟಿಲು, ಇಲ್ಲಿ ಬೆಂಚು ಎಂದು ಹೇಳುತ್ತ ನಡೆಸಿದರು. ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದು ಹಗಲು ರಾತ್ರಿಯ ವ್ಯತ್ಯಾಸವಷ್ಟೇ ತಿಳಿಯುತ್ತಿತ್ತಂತೆ. ಹಿರಿಯರ ಕಾಲು ಹಿಡಿಯದಿದ್ದರೆ ಆದೀತೇ? ಅಣ್ಣ ಬಗ್ಗಿದ. ಬಗ್ಗಿದ್ದೇ ತಡ, ಕೆಳಗಿನ ಎರಡು ಲಾಡಿ ಬಿಚ್ಚಿಕೊಂಡು ಕೋಟು ಜೀರುಂಡೆಯ ರೆಕ್ಕೆಯ ಹಾಗೆ ಎರಡು ಕಡೆಗೂ ತೆರೆಯಿತು. ಅಜ್ಜಿ ಆಶೀರ್ವಾದಕ್ಕೆ ಬೆನ್ನ ಮೇಲೆ ಕೈಯಿಟ್ಟರು. ಕೈ ಬಟ್ಟೆಯನ್ನು ಸವರಿತು, ಸೀಳಿಗೆ ಬಂತು, ಅಂಗಿ ಮುಟ್ಟಿತು, ಒಂದು ಲಾಡಿಯನ್ನು ಹಿಡಿದು ತುದಿಯವರೆಗೆ ಹೋಯಿತು.

“ಹಿಂದೆ ಗಾಳಿ ಹೋಗ್ತದೆ ಇದಕ್ಕೆ,” ಎಂದರು ಅಜ್ಜಿ. “ಸೆಕೆಗೆ ಒಳ್ಳೇದು.”

ಒಳಗೆ ಲೋಟ ಬಿದ್ದ ಸದ್ದಾಯಿತು. ಅದರ ಹಿಂದೆಯೇ, ಸೆರಗಿನಲ್ಲಿ ಮುಚ್ಚಿಟ್ಟರೂ ನಿಲ್ಲದ ಒಂದು ನಗು. ಕಾಫಿ ತಂದಾಗ ಹುಡುಗಿಯ ಕಣ್ಣಲ್ಲಿ ನೀರಿತ್ತು, ತುಟಿ ಬಿಗಿದಿತ್ತು. ಬರುವಾಗ ಅಣ್ಣ ಕೋಟು ಬಿಚ್ಚಿ ಕೊಡುತ್ತ, ಮುಗಿಯಿತು ಎಂದಷ್ಟೇ ಹೇಳಿದ. ನಾನು ಕಟ್ಟಿದ ಲಾಡಿಯೇ ಬಿಚ್ಚಿದ್ದು.

ಒಂದು ವಾರ ಕಳೆದು ದೊಡ್ಡಪ್ಪ ಬಂದರು. ಒಪ್ಪಿಗೆ. ಹುಡುಗಿಯೇ ಗಟ್ಟಿಯಾಗಿ ಹೂಂ ಎಂದಳಂತೆ. ಅಜ್ಜನ ಕೋಟಿನ ಮಹಿಮೆ ಎಂದು ಅಮ್ಮ ತೀರ್ಮಾನಿಸಿದಳು. ಮದುವೆಯಾದ ಮೇಲೆ ಷರತ್ತಿನ ಪ್ರಕಾರ ಅಣ್ಣ, ಅತ್ತಿಗೆ, ನಾನು ಪುತ್ತೂರಿಗೆ ಹೋದೆವು. ಮೊಳೆಯಿಂದ ಕೋಟು ಇಳಿಯಿತು. ಲಾಡಿ ಕಟ್ಟಲು ನಾನು ಹೋದರೆ ಅತ್ತಿಗೆ ನನ್ನನ್ನು ಬದಿಗೆ ಸರಿಸಿದರು. ಮೇಲಿನದ್ದು ಸಡಿಲು, ಕೆಳಗಿನದ್ದು ಬಿಗಿ ಕಟ್ಟಬೇಕು, ಇಲ್ಲದಿದ್ದರೆ ಫೋಟೋದಲ್ಲಿ ಭುಜ ಎದ್ದು ಕಾಣುತ್ತದೆ ಎಂದರು. ಅಲ್ಲಿ ಅವರಿಗೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಆ ಲಾಡಿ ಅವರ ಕೈಗೆ ಹೊಸತಾಗಿರಲಿಲ್ಲ.

ಈಗ ನಮ್ಮ ಚಾವಡಿಯಲ್ಲಿ ಎರಡು ಫೋಟೋಗಳಿವೆ. ಎರಡನೆಯದರಲ್ಲೂ ಕೋಟು ಇರುವುದರಿಂದ ಅಮ್ಮ ಗೆದ್ದಲು ಬಂದ ವರ್ಷವನ್ನು ಮದುವೆಯ ಆಚೆಗೆ ತಳ್ಳಿದ್ದಾಳೆ. ಅವಳೊಡನೆ ನಾನು ವಾದ ನಿಲ್ಲಿಸಿದ್ದೇನೆ. ನನ್ನ ಸಂಶಯ ಈಗ ಬೇರೆ ಕಡೆ ಇದೆ. ನಾವು ಹೋಗುವ ಎರಡು ವಾರ ಮೊದಲೇ ಅಣ್ಣನ ಫೋಟೋ ಆ ಮನೆಯಲ್ಲಿತ್ತು, ಗೋಡೆಯಲ್ಲಿ ಇನ್ನೊಂದಿತ್ತು. ಎರಡನ್ನೂ ಜೊತೆಗೆ ಹಿಡಿದು ಗುಂಡಿ ನೋಡುವಷ್ಟು ಕಣ್ಣು, ಹಿಂದೆ ಲಾಡಿ ಇದೆಯೆಂದು ತಿಳಿದ ಕೈ, ಆ ಮನೆಯಲ್ಲಿ ಯಾರಿಗಿತ್ತು? ಪೊರೆ ಬಂದ ಅಜ್ಜಿಗಂತೂ ಅಲ್ಲ. ಮೊನ್ನೆ ಅತ್ತಿಗೆ ಮಗನ ಅಂಗಿಗೆ ಗುಂಡಿ ಹಾಕುತ್ತ ಕುಳಿತಿದ್ದಾಗ, ಎದುರು ಕುಳಿತು ಕೇಳಿಯೇಬಿಟ್ಟೆ:

“ಅತ್ತಿಗೆ, ಹುಡುಗ ಕೋಟು ಹಾಕಿಯೇ ಬರ್ಬೇಕು ಅಂತ ಹೇಳಿ ಕಳಿಸಿದ್ದು ಯಾರು?”